ಮಳೆಯನ್ನು ಪಕ್ಕದಿಂದ ನೋಡಿದವರು

ಮಳೆಹನಿಯ ಚಿತ್ರ ಬರೆಯಿರಿ ಎಂದರೆ ನೀವು ಏನು ಬರೆಯುತ್ತೀರಿ ಎಂದು ನನಗೆ ಗೊತ್ತು. ಮೇಲೆ ಚೂಪು, ಕೆಳಗೆ ಗುಂಡು. ನಮ್ಮ ಮೇಡಂಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಸಲ ನಮ್ಮ ಸಂಸ್ಥೆಯ ವರಾಂಡದ ಗೋಡೆಗೆ ಯಾರೋ ನೀರು ಉಳಿಸಿ ಎಂಬ ಪೋಸ್ಟರ್ ಅಂಟಿಸಿದ್ದರು. ಅದರಲ್ಲಿ ಅಂಥದೇ ಒಂದು ಚೂಪು ತಲೆಯ ಹನಿ ಹಲ್ಲು ಕಿರಿದು ನಿಂತಿತ್ತು. ಮೇಡಂ ಸ್ಟೂಲು ಎಳೆದುಕೊಂಡು ಹತ್ತಿದರು. ದಪ್ಪ ಪೆನ್ನಿನಿಂದ ಆ ಚೂಪನ್ನು ಹೊಡೆದುಹಾಕಿ, ಹನಿಯ ಬುಡವನ್ನು ಚಪ್ಪಟೆ ಮಾಡಿ, ಇಳಿದು ಕೈ ಕೊಡವಿಕೊಂಡರು. "ಈಗ ಸರಿಹೋಯ್ತು. ಮುಂಚೆ ಇದ್ದದ್ದು ಹನಿ ಇಲ್ಲಪ್ಪಾ, ಮೂಲಂಗಿ" ಎಂದರು.

ಹೋದ ತಿಂಗಳು ಚೆನ್ನೈನಿಂದ ಹಳೆಯ ಗೆಳೆಯರೊಬ್ಬರು ಫೋನ್ ಮಾಡಿ ಮೇಡಂ ಹೋಗಿಬಿಟ್ಟರು ಎಂದಾಗ ನನಗೆ ಮೊದಲು ನೆನಪಾದದ್ದು ಆ ಮೂಲಂಗಿ. ದುಃಖ ಆಗಲಿಲ್ಲವೆಂದಲ್ಲ, ಆಯಿತು. ಆದರೆ ಅವರನ್ನು ನೆನೆಸಿಕೊಂಡು ಸಪ್ಪೆ ಮುಖ ಹಾಕಿಕೊಂಡು ಕೂರುವುದು ನನ್ನ ಕೈಲಾಗುವ ಕೆಲಸವಲ್ಲ. ಅವರ ಜೊತೆ ಕೆಲಸ ಮಾಡಿದ ಅಷ್ಟು ವರ್ಷ ನಾನು ಒಂದು ದಿನವೂ ಆಕಳಿಸಲಿಲ್ಲ. ಬೇರೆ ಯಾರ ಬಗ್ಗೆಯೂ ನಾನು ಈ ಮಾತು ಹೇಳಲಾರೆ. ನನ್ನ ಹೆಂಡತಿಯ ಬಗ್ಗೆ ಹೇಳಬಹುದು, ಅವಳು ಇದನ್ನು ಓದುತ್ತಾಳೆ.

ನಾನು ಆ ಊರಿಗೆ ಹೋದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಊರಿಗೆ ಹೊಸ ಹೆಸರು ಬಂದಿತ್ತು, ಆದರೆ ಎಲ್ಲರ ಬಾಯಲ್ಲೂ ಇನ್ನೂ ಮದ್ರಾಸೇ. ಸಮುದ್ರಕ್ಕೆ ಹತ್ತಿರದಲ್ಲಿದ್ದ ಒಂದು ಸಂಶೋಧನಾ ಸಂಸ್ಥೆ. ಹಿಂಭಾಗದಲ್ಲಿ ಒಂದು ಗೋಪುರ, ಅದರ ತುದಿಯಲ್ಲಿ ಬಿಳಿಯ ಗುಮ್ಮಟ, ಗುಮ್ಮಟದೊಳಗೆ ಸುತ್ತುತ್ತಿದ್ದ ದೊಡ್ಡ ತಟ್ಟೆ. ಮಳೆ ನೋಡುವ ರಾಡಾರು ಅದು. ನಾನು ಮಂಡ್ಯದಿಂದ ಹೋದ ಎಲೆಕ್ಟ್ರಾನಿಕ್ಸ್ ಎಂಜಿನಿಯರು. ಮೇಡಂ ಆ ರಾಡಾರಿನ ವಿಜ್ಞಾನಿ. ಮೊದಲ ದಿನ ನನ್ನ ಇಂಗ್ಲಿಷನ್ನು ಎರಡು ವಾಕ್ಯ ಕೇಳಿ, "ಕನ್ನಡವಾ?" ಎಂದರು.

"ಹೌದು ಮೇಡಂ, ಮಂಡ್ಯ."

"ಸರಿ ಮಂಡ್ಯ, ಏಣಿ ಹತ್ತಕ್ಕೆ ಬರುತ್ತಾ? ತಲೆ ಗಿಲೆ ಸುತ್ತಲ್ವಲ್ಲಾ? ಸೀಕ್ರಂ ಬಾ, ಮೇಲೆ ಕೆಲಸ ಇದೆ."

ಅಷ್ಟೇ ಪರಿಚಯ. ಅವತ್ತಿನಿಂದ ನನ್ನ ಹೆಸರು ಮಂಡ್ಯ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

ಅವರ ತಾತ ರೈಲ್ವೆ ಕೆಲಸಕ್ಕೆಂದು ಕೋಲಾರದ ಕಡೆಯಿಂದ ಮದ್ರಾಸಿನ ಪೆರಂಬೂರಿಗೆ ಬಂದು ನೆಲೆಸಿದವರಂತೆ. ಮೂರು ತಲೆಮಾರಿನಲ್ಲಿ ಅವರ ಕನ್ನಡಕ್ಕೆ ತಮಿಳು ಒಗ್ಗರಣೆ ಚೆನ್ನಾಗಿಯೇ ಬಿದ್ದಿತ್ತು. ನಾನು ಆಡಿಕೊಂಡರೆ ಬಿಡುತ್ತಿರಲಿಲ್ಲ. "ನಿಂದೇನು ಮಹಾ ಶುದ್ಧ? ಹೋಯ್ತೀನಿ, ಬತ್ತೀನಿ ಅಂತೀಯ. ಅರ್ಧ ಅಕ್ಷರ ನುಂಗಿ ನೀರು ಕುಡೀತೀಯ" ಎನ್ನುತ್ತಿದ್ದರು. ಮನೆಯಲ್ಲಿ ಮಗನಿಗೆ ಕನ್ನಡದಲ್ಲಿ ಬೈದರೆ ಅವನು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದನಂತೆ. ಅದನ್ನೂ ನಗುತ್ತಲೇ ಹೇಳುತ್ತಿದ್ದರು.

ಆಳು ಕುಳ್ಳು, ನಡಿಗೆ ಚುರುಕು. ಗಂಜಿ ಹಾಕಿದ ಕಾಟನ್ ಸೀರೆ, ತಲೆಯಲ್ಲಿ ಮಲ್ಲಿಗೆ, ಕತ್ತಿನಲ್ಲಿ ದಾರ ಕಟ್ಟಿದ ಕನ್ನಡಕ. ಗೋಪುರದ ಏಣಿ ಹತ್ತುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಹತ್ತುತ್ತಿದ್ದರು. ಹಿಂದೆ ಹತ್ತುವ ನಮಗೇ ಏದುಸಿರು. ಖುಷಿಯಾದರೆ ಹತ್ತಿರ ಯಾರಿದ್ದಾರೋ ಅವರ ಮಣಿಕಟ್ಟು ಹಿಡಿದು ಅದುಮಿ, "ಪಾರು! ಪಾರು!" ಎಂದು ಪರದೆಯ ಕಡೆ ಎಳೆಯುತ್ತಿದ್ದರು. ನೋಡು ಎನ್ನುವುದಕ್ಕೆ ಅವರ ಬಾಯಿಗೆ ಬರುತ್ತಿದ್ದದ್ದು ಆ ತಮಿಳು ಮಾತೇ. ಮಳೆಗಾಲದಲ್ಲಿ ನನ್ನ ಮಣಿಕಟ್ಟಿನ ಮೇಲೆ ಅವರ ಬಳೆಯ ಗುರುತು ಮಾಯುತ್ತಲೇ ಇರಲಿಲ್ಲ.

ಅವರ ತಲೆಯೊಳಗಿದ್ದ ವಿಚಾರ ನನಗೆ ಅರ್ಥವಾದದ್ದು ಕ್ಯಾಂಟೀನಿನಲ್ಲಿ, ನನ್ನ ತಟ್ಟೆಯ ಇಡ್ಲಿಯ ಮೇಲೆ.

"ಸಣ್ಣ ಹನಿ ಗುಂಡಗಿರುತ್ತೆ, ಸಾಸಿವೆ ಥರ. ಹನಿ ದೊಡ್ಡದಾದರೆ? ಬೀಳೋ ರಭಸಕ್ಕೆ ಗಾಳಿ ಕೆಳಗಿಂದ ತಳ್ಳುತ್ತೆ. ಆವಾಗ ಹೀಗೆ ಚಪ್ಪಟೆ ಆಗ್ತದೆ" ಎಂದು ನನ್ನ ಇಡ್ಲಿಯನ್ನು ಚಮಚದ ಮೇಲೆ ಎತ್ತಿ ತೋರಿಸಿದರು. "ರಾಡಾರ್ ಏನು ಮಾಡುತ್ತೆ? ಅಲೆ ಕಳಿಸುತ್ತೆ, ಹನಿಗೆ ತಟ್ಟಿ ವಾಪಸು ಬಂದದ್ದು ಎಷ್ಟು ಅಂತ ನೋಡುತ್ತೆ. ಅಲೆ ಅಡ್ಡಡ್ಡ ತೂಗ್ತಾ ಹೋದರೆ ಹನಿಯ ಅಗಲ ಹೇಳುತ್ತೆ. ನೆಟ್ಟಗೆ, ಮೇಲೆ ಕೆಳಗೆ ತೂಗ್ತಾ ಹೋದರೆ ಹನಿಯ ಎತ್ತರ ಹೇಳುತ್ತೆ. ಎರಡನ್ನೂ ಕಳಿಸು, ಎರಡನ್ನೂ ಹೋಲಿಸು. ಅಡ್ಡದ್ದು ಜಾಸ್ತಿ ಬಂದರೆ ಹನಿ ಚಪ್ಪಟೆ. ಚಪ್ಪಟೆ ಅಂದರೆ ದೊಡ್ಡದು. ಆಕಾರದಿಂದ ಗಾತ್ರ ಸಿಕ್ಕಿತಾ ಇಲ್ಲ್ಯಾ?"

"ಸಿಕ್ತು ಮೇಡಂ. ಗಾತ್ರ ತಕೊಂಡು ಏನ್ಮಾಡಾದು?"

ಅವರು ನನ್ನನ್ನು ನೋಡಿದ ರೀತಿಗೆ ನನಗೆ ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ. ಇಡ್ಲಿ ಇನ್ನೂ ಅವರ ಚಮಚದ ಮೇಲೆಯೇ ಇತ್ತು ಎನ್ನುವುದು ಬೇರೆ ಮಾತು. ಮಾಮೂಲಿ ರಾಡಾರಿಗೆ ಕೆಲವೇ ದೊಡ್ಡ ಹನಿಗಳ ಮಳೆಯೂ ಒಂದೇ, ಲೆಕ್ಕವಿಲ್ಲದಷ್ಟು ಸಣ್ಣ ಹನಿಗಳ ಮಳೆಯೂ ಒಂದೇ. ಪರದೆಯ ಮೇಲೆ ಎರಡೂ ಒಂದೇ ಬಣ್ಣ. ಆದರೆ ನೆಲಕ್ಕೆ ಬೀಳುವ ನೀರು ಒಂದೇ ಅಲ್ಲ. ಒಂದು ಮಳೆಗೆ ರಸ್ತೆ ಒದ್ದೆಯಾದರೆ ಇನ್ನೊಂದಕ್ಕೆ ಮನೆಯೊಳಗೆ ನೀರು ನುಗ್ಗುತ್ತದೆ. ಯಾವುದು ಯಾವುದೆಂದು ಮೊದಲೇ ತಿಳಿಯಬೇಕಾದರೆ ಹನಿಯ ಆಕಾರ ಕಾಣಬೇಕು. "ಜನ ಮಳೇನ ಕೆಳಗೆ ನಿಂತು ನೋಡ್ತಾರೆ. ಪಕ್ಕದಿಂದ ನೋಡಬೇಕು, ಮಂಡ್ಯ. ಕೆಳಗಿಂದ ನೋಡಿದರೆ ಎಲ್ಲಾರೂ ಗುಂಡೇ" ಎಂದರು. ಈ ಕೊನೆಯ ಮಾತನ್ನು ಅವರು ಮನುಷ್ಯರಿಗೂ ಅನ್ವಯಿಸುತ್ತಿದ್ದರು, ಮುಖ್ಯವಾಗಿ ಮೇಲಧಿಕಾರಿಗಳಿಗೆ.

ಅವರ ಮನೆ ಬೆಸೆಂಟ್ ನಗರದಲ್ಲಿ, ಕಡಲಿಗೆ ಎರಡು ಬೀದಿ ಈಚೆ. ಆಗ ನಮ್ಮ ರಾಡಾರಿಗೆ ಅಡ್ಡ ಅಲೆ ಒಂದೇ ಇತ್ತು. ಹನಿಯ ಗಾತ್ರ ತಿಳಿಯಲು ಮೇಡಂ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದರು. ಜರಡಿ ಹಿಡಿದ ಹಿಟ್ಟನ್ನು ಅಗಲವಾದ ತಟ್ಟೆಗೆ ತುಂಬಿ, ಮುಚ್ಚಳ ಮುಚ್ಚಿ, ಮಳೆ ಬಂದ ಕೂಡಲೆ ಮಹಡಿಗೆ ಓಡುವುದು. ಒಂದು ಕ್ಷಣ ಮುಚ್ಚಳ ತೆಗೆದು ಮುಚ್ಚುವುದು. ಬಿದ್ದ ಒಂದೊಂದು ಹನಿಯೂ ಹಿಟ್ಟಿನಲ್ಲಿ ಒಂದೊಂದು ಪುಟ್ಟ ಉಂಡೆ. ಒಣಗಿಸಿ, ಉಂಡೆ ಅಳೆದು, ಹನಿ ಎಷ್ಟಿತ್ತೆಂದು ಹೇಳಬಹುದು. ನಾನು ಊರಿನಿಂದ ತಂದುಕೊಟ್ಟ ರಾಗಿಹಿಟ್ಟನ್ನು ಮುದ್ದೆ ಮಾಡಿಕೊಂಡು ತಿಂದಿರಬೇಕು ಎಂದುಕೊಂಡಿದ್ದೆ. ಅದೂ ಮಹಡಿಗೇ ಹೋಗಿತ್ತು.

ಅವರ ಅತ್ತೆ ಮೈಸೂರಿನವರು. ನಾನು ಮನೆಗೆ ಹೋದಾಗ ಕಾಫಿ ಕೊಟ್ಟು ದೂರು ಹೇಳಿದರು. "ಮಳೆ ಬಂತು ಅಂದರೆ ಊರಿನವರೆಲ್ಲಾ ಬಜ್ಜಿ ಕರೀತಾರೆ ಕಣಪ್ಪ. ನಮ್ಮ ಸೊಸೆ ಹಿಟ್ಟಿನ ತಟ್ಟೆ ತೊಗೊಂಡು ಮಹಡಿ ಹತ್ತುತಾಳೆ. ಪಕ್ಕದ ಮನೆಯವರು ಇದು ಯಾವ ವ್ರತ ಮಾಮಿ ಅಂತ ಕೇಳಿದರು. ನಾನು ವರುಣನಿಗೆ ನೈವೇದ್ಯ ಅಂತ ಹೇಳಿಬಿಟ್ಟೆ. ಈಗ ಅವರೂ ಇಡ್ತಾ ಇದಾರೆ."

ಮೇಡಂ ಬಿದ್ದು ಬಿದ್ದು ನಕ್ಕರು. ಆಮೇಲೆ ತಟ್ಟನೆ, "ಅವರ ತಟ್ಟೇನೂ ಇಸಕೊಂಡು ಬರಬೌದಲ್ವಾ ಅತ್ತೆ?" ಎಂದರು.

ಹಿಟ್ಟಿನಿಂದ ಗಾತ್ರವೇನೋ ಸಿಕ್ಕಿತು. ಆಕಾರ ಸಿಗಲಿಲ್ಲ, ಹಿಟ್ಟಿಗೆ ಬಿದ್ದ ಮೇಲೆ ಎಲ್ಲ ಹನಿಯೂ ಉಂಡೆಯೇ. ಅದಕ್ಕೇ ಅವರು ವರ್ಷಗಟ್ಟಲೆ ಹಿಂದೆ ಬಿದ್ದು, ಕೇಳಿ, ಕಾಡಿ, ರಾಡಾರಿಗೆ ಎರಡನೆಯ ಕಿವಿಯನ್ನು ತರಿಸಿದರು. ನೆಟ್ಟಗೆ ತೂಗುವ ಅಲೆಯನ್ನು ಕೇಳಿಸಿಕೊಳ್ಳುವ ಒಂದು ರಿಸೀವರು. ಅದು ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಬಂದದ್ದು ಒಂದು ಷರತ್ತಿನ ಮೇಲೆ. ಮೇಲಿನ ಸಮಿತಿಯ ಅಧ್ಯಕ್ಷರು ಉತ್ತರದ ಕಡೆಯ ಹಿರಿಯರು, ನಗು ಕಡಿಮೆ. ಚಂಡಮಾರುತ ಎಲ್ಲಿದೆ ಎಂದು ತಿಳಿಯಲು ಒಂದು ಅಲೆ ಸಾಕು, ಎರಡು ಯಾಕೆ ಎನ್ನುವುದು ಅವರ ವಾದ. ಈ ಮಳೆಗಾಲದೊಳಗೆ ಹನಿ ಚಪ್ಪಟೆ ಇರುವುದನ್ನು ಈ ಯಂತ್ರದಲ್ಲೇ ತೋರಿಸಿ, ಇಲ್ಲವಾದರೆ ಎರಡನೆಯ ರಿಸೀವರನ್ನು ಬಿಚ್ಚಿ ಇನ್ನೊಂದು ಊರಿನ ರಾಡಾರಿಗೆ ಬಿಡಿಭಾಗವಾಗಿ ಕಳಿಸುತ್ತೇವೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮೇಡಂಗೆ ನಿವೃತ್ತಿ ದೂರವಿರಲಿಲ್ಲ. ಒಮ್ಮೆ ಬಿಚ್ಚಿದರೆ ಅವರ ಕಾಲದಲ್ಲಿ ಅದು ಮತ್ತೆ ಬರುವ ಹಾಗಿರಲಿಲ್ಲ.

ಜೋಡಣೆ ಮುಗಿದದ್ದು ನವರಾತ್ರಿಗೆ ಸ್ವಲ್ಪ ಮುಂಚೆ. ಚೆನ್ನೈಗೆ ನಿಜವಾದ ಮಳೆ ಬರುವುದು ದೀಪಾವಳಿಯ ಆಸುಪಾಸಿಗೆ. ನಡುವೆ ಆಯುಧಪೂಜೆ. ನಮ್ಮಲ್ಲಿ ಆಯುಧಪೂಜೆ ಎಂದರೆ ರಾಡಾರಿಗೆ ಎಣ್ಣೆಸ್ನಾನವೊಂದು ಬಾಕಿ. ತಟ್ಟೆ ಒರೆಸಿ, ಮೋಟರಿಗೆ ಹಾರ ಹಾಕಿ, ಏಣಿಯ ಬುಡಕ್ಕೆ ಬೂದುಗುಂಬಳ ಒಡೆಯುತ್ತಿದ್ದೆವು. ಹೊಸ ರಿಸೀವರಿನ ಪೂಜೆ ಮಾತ್ರ ಮೇಡಂ ಬೇರೆಯವರಿಗೆ ಬಿಡಲಿಲ್ಲ. "ಕೂಸಿಗೆ ಮೊದಲನೇ ಹಬ್ಬ, ನಾನೇ ಮಾಡ್ತೀನಿ" ಎಂದು ಒಬ್ಬರೇ ಮೇಲೆ ಹತ್ತಿ, ಕೇಬಲ್ಲುಗಳನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಗಂಧ ಕುಂಕುಮ ಇಟ್ಟು, ತಿರುಗಿ ಜೋಡಿಸಿ ಇಳಿದು ಬಂದರು. ಮುಖ ಹಬ್ಬದ ಹಾಗೆ ಬೆಳಗುತ್ತಿತ್ತು. ನಮಗೆಲ್ಲ ಪುರಿ, ಕಡಲೆ, ಬೆಲ್ಲ ಹಂಚಿದರು.

ಮಳೆ ಬಂತು. ಮೊದಲು ಮಾಡಬೇಕಾದ ಪರೀಕ್ಷೆಯೊಂದಿತ್ತು. ತಟ್ಟೆಯನ್ನು ನೇರ ಆಕಾಶಕ್ಕೆ ಮುಖ ಮಾಡಿ, ತಲೆಯ ಮೇಲೆ ಬೀಳುವ ಮಳೆಯನ್ನು ನೋಡುವುದು. ಕೆಳಗಿನಿಂದ ನೋಡಿದಾಗ ಚಪ್ಪಟೆ ಹನಿಯೂ ಗುಂಡಗೇ ಕಾಣುತ್ತದೆ. ಹಾಗಾಗಿ ಎರಡು ಕಿವಿಗೂ ಸಮ ಕೇಳಿಸಬೇಕು. ಕೇಳಿಸದಿದ್ದರೆ ತಪ್ಪು ಯಂತ್ರದ್ದು. ನಮ್ಮದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ ಬಂತು. ಮೇಡಂ ನನ್ನ ಮಣಿಕಟ್ಟು ಹಿಡಿದರು. "ಇನ್ನೇನು ಮಂಡ್ಯ! ಇಳಿಸು ತಟ್ಟೇನ, ಪಕ್ಕಕ್ಕೆ ತಿರುಗಿಸು!"

ಇಳಿಸಿದೆ. ದಕ್ಷಿಣಕ್ಕೆ ಶೋಳಿಂಗನಲ್ಲೂರಿನ ಮೇಲೆ ಒಳ್ಳೆಯ ಮಳೆ. ಅಲ್ಲಿ ಆಗ ಸಾಲಾಗಿ ಏಳುತ್ತಿದ್ದ ಗಾಜಿನ ಕಟ್ಟಡಗಳು ಪರದೆಯ ಮೇಲೆ ಕದಲದ ಚುಕ್ಕೆಗಳಾಗಿ ಕಾಣುತ್ತಿದ್ದವು, ಅವುಗಳ ನಡುವೆ ಮಳೆ ಹಾದುಹೋಗುತ್ತಿತ್ತು. ಹನಿ ಚಪ್ಪಟೆ ಇದ್ದರೆ ಕೆಂಪು ಬರುವಂತೆ ಬಣ್ಣ ಹೊಂದಿಸಿದ್ದೆವು. ಬಂದದ್ದು ನೀಲಿ. ಅಚ್ಚ ನೀಲಿ. ನೀಲಿ ಎಂದರೆ ಹನಿಗೆ ಅಗಲಕ್ಕಿಂತ ಎತ್ತರ ಹೆಚ್ಚು. ಮಳೆ ಜೋರಾದಷ್ಟೂ ನೀಲಿ ಗಾಢವಾಗುತ್ತಿತ್ತು. ನಮ್ಮ ಯಂತ್ರದ ಪ್ರಕಾರ ಮದ್ರಾಸಿನ ಹನಿಗಳು ನೆಟ್ಟಗೆ ನಿಂತುಕೊಂಡು ಬೀಳುತ್ತಿದ್ದವು.

ಮೇಡಂ ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಆಮೇಲೆ ಮೆಲ್ಲಗೆ, "ಮೂಲಂಗಿ" ಎಂದರು.

ನಮ್ಮ ಮುಖ್ಯಸ್ಥರು ಮಾತ್ರ ಕುರ್ಚಿಯಿಂದ ಜಿಗಿದರು. ತುಂಬ ಒಳ್ಳೆಯ ಮನುಷ್ಯ, ಉತ್ಸಾಹಕ್ಕೆ ಲಗಾಮಿಲ್ಲ. ಅವರು ಆಡುತ್ತಿದ್ದದ್ದು ತಮಿಳು, ಇಂಗ್ಲಿಷು. ನಾನು ಕನ್ನಡದಲ್ಲಿ ಹೇಳುತ್ತೇನೆ. "ಯಂತ್ರ ಸರಿಯಿದೆ ಅಂತ ನೀವೇ ಪರೀಕ್ಷೆ ಮಾಡಿದಿರಿ. ಹಾಗಾದರೆ ಇದು ನಿಜ! ಪ್ರಪಂಚದಲ್ಲಿ ಎಲ್ಲೂ ಇಲ್ಲದ ಹನಿ ನಮ್ಮ ಕಡಲತೀರದಲ್ಲಿದೆ. ಉಪ್ಪಿನ ಗಾಳಿ ಇರಬಹುದು, ಮಿಂಚಿನ ಸೆಳೆತ ಇರಬಹುದು. ಇನ್ನು ರಿಸೀವರ್ ಬಿಚ್ಚುವ ಧೈರ್ಯ ಯಾರಿಗಿದೆ?" ಎಂದರು. ಸುಮ್ಮನಿರಲಾರದೆ ಸಮಿತಿಯ ಅಧ್ಯಕ್ಷರಿಗೂ ಫೋನಿನಲ್ಲಿ ಹೇಳಿಬಿಟ್ಟರು. ಅಧ್ಯಕ್ಷರು, ನಾನೇ ಬಂದು ನೋಡುತ್ತೇನೆ ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಮೇಡಂ ನನ್ನ ಹತ್ತಿರ ಗೊಣಗಿದರು. "ನಮ್ಮ ಡೊಂಕಿಗೆ ಮಳೇನ ಯಾಕೆ ಬೈಯ್ಯೋದು? ಕೆಳಗಿಂದ ಗಾಳಿ ತಳ್ಳುವಾಗ ಹನಿ ಹೇಗೆ ನಿಂತುಕೊಳ್ಳುತ್ತೆ? ಎಲ್ಲೋ ನಾವೇ ಎಡವಿದೀವಿ."

ಎಲ್ಲಿ ಎಂಬುದು ಗೊತ್ತಾಗಲಿಲ್ಲ. ಆ ದಿನಗಳ ಸಂಭ್ರಮವನ್ನು ನಾನು ಇವತ್ತಿಗೂ ಮರೆತಿಲ್ಲ. ಮಳೆ ಬಂದಾಗಲೆಲ್ಲ ಓಟ, ಮಳೆ ನಿಂತಾಗಲೆಲ್ಲ ಜಗಳ. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆವು. ತಟ್ಟೆ ಓರೆಯಾಗಿದೆಯೇ ಎಂದು ಮಟ್ಟ ಹಿಡಿದು ನೋಡಿದೆವು. ಉತ್ತರದಲ್ಲಿ ಮಣಲಿಯ ಚಿಮಣಿಗಳ ಮೇಲಿನ ಮಳೆ ನೋಡಿದೆವು, ಸಮುದ್ರದ ಮೇಲಿನ ಮಳೆ ನೋಡಿದೆವು. ಎಲ್ಲೆಲ್ಲೂ ನೀಲಿ. ಸೋತು ಸುಸ್ತಾಗಬೇಕಾದ ಹೆಂಗಸು ದಿನದಿಂದ ದಿನಕ್ಕೆ ಚಿಗುರುತ್ತಿದ್ದರು. "ಏನು ಮಜಾ ಅಲ್ವಾ ಮಂಡ್ಯ? ಎಲ್ಲಾ ಸರಿ ಇದೆ, ಆದರೂ ತಪ್ಪಾಗಿದೆ!" ಎನ್ನುತ್ತಿದ್ದರು. ಅಧ್ಯಕ್ಷರು ಬರುವ ದಿನ ಹತ್ತಿರ ಬರುತ್ತಿತ್ತು. ನನಗೆ ಅನ್ನ ಸೇರುತ್ತಿರಲಿಲ್ಲ.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ. ಆಗ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದು ಪ್ರೊಜೆಕ್ಟರಿನಲ್ಲಿ ತೋರಿಸುವ ಕಾಲ. ಒಂದು ಹಾಳೆಯಲ್ಲಿ ಹನಿಗಳು ಹೇಗಿರಬೇಕೆಂಬ ಗೆರೆ: ಮಳೆ ಜೋರಾದಷ್ಟೂ ಮೇಲಕ್ಕೆ ಬಾಗುವ ಗೆರೆ. ಇನ್ನೊಂದರಲ್ಲಿ ನಮಗೆ ಸಿಕ್ಕ ಗೆರೆ, ಕೆಳಕ್ಕೆ ಬಾಗಿದ್ದು. ಮೇಡಂ ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬೆಳಕಿನಲ್ಲಿ ನೋಡುತ್ತಿದ್ದರು. ಏನೆನಿಸಿತೋ, ನಮ್ಮ ಹಾಳೆಯನ್ನು ಮೇಲಂಚು ಕೆಳಗಾಗುವಂತೆ ಮಗುಚಿ ಮತ್ತೆ ಒತ್ತಿದರು.

ಒಂದು ಗೆರೆ ಇನ್ನೊಂದರ ಮೇಲೆ ಕೂತುಬಿಟ್ಟಿತು. ಎಲ್ಲೂ ಒಂದು ಕೂದಲು ಆಚೀಚೆ ಇಲ್ಲ. ಎರಡು ಹಾಳೆ ಇವೆಯೆಂದೇ ತಿಳಿಯುತ್ತಿರಲಿಲ್ಲ.

"ತಲೆಕೆಳಗು!" ಎಂದು ಕಿರುಚಿದರು. "ತಪ್ಪೇ ಇಲ್ಲ ಮಂಡ್ಯ, ಬರೀ ತಲೆಕೆಳಗು! ಅಡ್ಡದ್ದನ್ನ ನೆಟ್ಟಗೆ ಅಂತ ಓದ್ತಾ ಇದೀವಿ, ನೆಟ್ಟಗಿನದನ್ನ ಅಡ್ಡ ಅಂತ ಓದ್ತಾ ಇದೀವಿ. ಕೇಬಲ್ ಅದಲು ಬದಲು!" ಅಲ್ಲಿಗೆ ತಟ್ಟನೆ ನಿಂತರು. ಕೈ ಹಣೆಗೆ ಹೋಯಿತು. "ಅಯ್ಯಯ್ಯೋ. ನಾನೇ."

ಆ ಎರಡು ಕೇಬಲ್ಲುಗಳು ನೋಡಲು ಅವಳಿ ಜವಳಿ. ಗುರುತಿಗೆಂದು ಅಡ್ಡದ್ದಕ್ಕೆ ಕೆಂಪು ಟೇಪು, ನೆಟ್ಟಗಿನದಕ್ಕೆ ನೀಲಿ ಟೇಪು ಸುತ್ತಿದ್ದೆವು. ಪೂಜೆಯ ದಿನ ಸ್ಪಿರಿಟ್ಟಿಗೆ ಟೇಪು ಎರಡೂ ಬಿಟ್ಟುಕೊಂಡಿವೆ. ಭಕ್ತಿಯಿಂದ ಎರಡಕ್ಕೂ ಧಾರಾಳವಾಗಿ ಕುಂಕುಮ ಮೆತ್ತಿದ್ದಾರೆ. ಜೋಡಿಸುವ ಹೊತ್ತಿಗೆ ಕೆಂಪಾಗಿದ್ದದ್ದು ಯಾವುದು? ಎರಡೂ! ತಲೆಯ ಮೇಲಿನ ಮಳೆಯ ಪರೀಕ್ಷೆಯಲ್ಲಿ ಹನಿ ಗುಂಡಗೆ ಕಾಣುವುದರಿಂದ ಅದಲು ಬದಲಾದದ್ದು ಅಲ್ಲೂ ಸಿಕ್ಕಿಬಿದ್ದಿರಲಿಲ್ಲ. ಅರ್ಚನೆ ಜಾಸ್ತಿಯಾಗಿ ದೇವರ ಮುಖವೇ ಮುಚ್ಚಿಹೋಯಿತು ಎನ್ನುತ್ತಾರಲ್ಲ, ಹಾಗೆ.

ನಾನು ಸ್ಪ್ಯಾನರು ತೆಗೆದುಕೊಂಡು ಏಣಿಯ ಕಡೆ ಓಡಿದೆ.

"ನಿಲ್ಲು! ಮುಟ್ಟಬೇಡ. ಹಾಗೇ ಇರಲಿ."

"ಮೇಡಂ, ನಾಳೆ ಅಧ್ಯಕ್ಷರು ಬತ್ತಾರೆ!"

"ಅದಕ್ಕೇ."

ವಿಷಯ ತಿಳಿದು ಮುಖ್ಯಸ್ಥರ ಮುಖ ಬಿಳಿಚಿಕೊಂಡಿತು. ಮೊದಲು, ಈಗಲೇ ಸರಿ ಮಾಡಿ, ಹಿಂದಿನದು ಪ್ರಾಯೋಗಿಕ ಎಂದು ಹೇಳಿ ಮುಗಿಸೋಣ ಎಂದರು. ಆಮೇಲೆ ದನಿ ತಗ್ಗಿಸಿ, ನಿಂತ ಹನಿಯ ಸುದ್ದಿ ಕೇಳಿಯೇ ಅವರು ಬರುತ್ತಿರುವುದು, ನಾಳೆ ಒಂದು ದಿನ ಹನಿ ನಿಂತೇ ಇರಲಿ, ರಿಸೀವರ್ ಉಳಿದ ಮೇಲೆ ನಿಧಾನಕ್ಕೆ ಕೂರಿಸೋಣ ಎಂದರು. ಮೇಡಂ ಕೇಬಲ್ ತಪ್ಪಾಗಿ ಜೋಡಿಸಿದರೆಂದು ತಿಳಿದರೆ ಅಧ್ಯಕ್ಷರು ಯಂತ್ರವನ್ನು ನಮ್ಮ ಕೈಯಲ್ಲಿ ಬಿಡುತ್ತಾರೆಯೇ? ಅವರ ಭಯ ಸುಳ್ಳಾಗಿರಲಿಲ್ಲ, ನನಗೂ ಅದೇ ಭಯ.

"ಸಾರ್, ನನ್ನ ಯಂತ್ರ ಉಳೀಬೇಕು ಅಂತ ನಿಮಗಿಂತ ನನಗೆ ಜಾಸ್ತಿ ಆಸೆ. ಆದರೆ ಸುಳ್ಳು ಹನಿ ತೋರಿಸಿ ಉಳಿಸಿಕೊಂಡರೆ ಆಮೇಲೆ ಅದರಲ್ಲಿ ನಾನು ಏನನ್ನ ನೋಡೋದು?" ಎಂದರು ಮೇಡಂ. ಹೇಳಿ ಮನೆಗೆ ಹೊರಟುಹೋದರು. ನಡಿಗೆಯಲ್ಲಿ ಎಂದಿಗಿಂತ ಹುಮ್ಮಸ್ಸು ಕಾಣುತ್ತಿತ್ತು. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ನಾನು ನಿಶ್ಚಯ ಮಾಡಿಕೊಂಡೆ.

ಮರುದಿನ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ನಮ್ಮ ನೆತ್ತಿಯ ಮೇಲೆಯೇ ಕೂತಿತ್ತು. ಅಧ್ಯಕ್ಷರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಶೂ ಕೈಯಲ್ಲಿ ಹಿಡಿದು ಬಂದಿಳಿದರು. ಜೊತೆಗೆ ಸಮಿತಿಯ ಇನ್ನಿಬ್ಬರು. ಮೇಡಂ ಪೀಠಿಕೆ ಗೀಠಿಕೆ ಇಲ್ಲದೆ ಎದ್ದು ನಿಂತು, "ಸಾರ್, ನೀವು ನಿಂತ ಹನಿ ನೋಡಲು ಬಂದಿದ್ದೀರಿ. ಅಂಥ ಹನಿ ಇಲ್ಲ. ಪೂಜೆಯ ದಿನ ನಾನು ಕೇಬಲ್ ಅದಲು ಬದಲು ಮಾಡಿದೆ" ಎಂದರು. ಮುಖ್ಯಸ್ಥರು ಕಣ್ಣು ಮುಚ್ಚಿಕೊಂಡರು.

ಅಧ್ಯಕ್ಷರು ಮುಖ ಒರೆಸಿಕೊಳ್ಳುತ್ತಿದ್ದ ಟವೆಲನ್ನು ಕೆಳಗಿಟ್ಟರು. "ಎರಡು ಕೇಬಲ್ಲನ್ನು ಸರಿಯಾಗಿ ಜೋಡಿಸಲಾಗದವರ ಕೈಯಲ್ಲಿ ಎರಡು ರಿಸೀವರು ಯಾಕೆ ಇರಬೇಕು?"

ನನಗೆ ಅಳು ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರೇ ಬಂದಿತ್ತು.

ಮೇಡಂ ಮುಖದಲ್ಲಿ ಆ ಪ್ರಶ್ನೆಗೇ ಕಾದು ಕೂತಿದ್ದವರ ಸಂತೋಷ. "ಹನಿ ಗುಂಡಗಿದ್ದಿದ್ದರೆ ನನ್ನ ತಪ್ಪು ಈ ಜನ್ಮದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸಾರ್. ಗುಂಡಗಿರೋದನ್ನ ಅಡ್ಡ ನೋಡಿದರೂ ಅಷ್ಟೇ, ನೆಟ್ಟಗೆ ನೋಡಿದರೂ ಅಷ್ಟೇ. ಕೇಬಲ್ ಎಷ್ಟು ಸಲ ಬದಲಾಯಿಸಿದರೂ ಪರದೆ ಕದಲೋದಿಲ್ಲ. ನನ್ನ ತಪ್ಪನ್ನ ಹಿಡಿದುಕೊಟ್ಟಿದ್ದೇ ಹನಿ. ಅದು ಚಪ್ಪಟೆ ಇದ್ದದ್ದರಿಂದ ನಾನು ಸಿಕ್ಕಿಬಿದ್ದೆ."

ಅಧ್ಯಕ್ಷರು ಕಿಟಕಿಯ ಕಡೆ ತಿರುಗಿ ಹೊರಗಿನ ಮಳೆಯನ್ನು ನೋಡಿದರು. ಆಮೇಲೆ, "ಕೇಬಲ್ ಇನ್ನೂ ಹಾಗೇ ಇದೆಯೇ?" ಎಂದು ಕೇಳಿದರು.

"ಮುಟ್ಟಿಲ್ಲ ಸಾರ್. ನಿಮಗೋಸ್ಕರ ಇಟ್ಟಿದ್ದೀನಿ."

ಎಲ್ಲರೂ ಗೋಪುರ ಹತ್ತಿದೆವು. ಅಲ್ಲಿ ರಿಸೀವರಿನ ಪಕ್ಕದಲ್ಲೂ ಒಂದು ಪರದೆ ಇತ್ತು. ಸಮುದ್ರದಿಂದ ಬರುತ್ತಿದ್ದ ಮಳೆಯೆಲ್ಲ ಅಚ್ಚ ನೀಲಿ. ಮೇಡಂ ಅಲೆ ನಿಲ್ಲಿಸಿ, ಸೆರಗು ಸಿಕ್ಕಿಸಿ, ಇನ್ನೂ ಕುಂಕುಮ ಅಂಟಿದ್ದ ಎರಡು ಕೇಬಲ್ಲನ್ನೂ ಬಿಚ್ಚಿ ಅದಲು ಬದಲು ಮಾಡಿದರು. ಮತ್ತೆ ಚಾಲೂ ಮಾಡಿದೆ. ತಟ್ಟೆ ಸುತ್ತಿದಂತೆ ಪರದೆಯ ನೀಲಿ ಒಂದು ಕಡೆಯಿಂದ ಅಳಿಸುತ್ತಾ ಬಂದು ಕೆಂಪಾಯಿತು. ಪೂರ್ವ ಕೆಂಪಾಯಿತು, ದಕ್ಷಿಣ ಕೆಂಪಾಯಿತು, ಸುತ್ತು ಮುಗಿಯುವ ಹೊತ್ತಿಗೆ ಊರಿಗೆ ಊರೇ ಕೆಂಪು. ಕೋಟ್ಯಂತರ ಹನಿಗಳು ನಮ್ಮ ಕಣ್ಣೆದುರಿಗೆ ಒಟ್ಟಿಗೆ ಮಲಗಿದವು.

"ತಿರುಗಿ ಬದಲಾಯಿಸಿ" ಎಂದರು ಅಧ್ಯಕ್ಷರು. ಬದಲಾಯಿಸಿದೆವು, ನೀಲಿ. "ಮತ್ತೆ." ಕೆಂಪು. ಆಮೇಲೆ ಅವರು ಏನೂ ಹೇಳದೆ ನನ್ನ ಕೈಯಿಂದ ಸ್ಪ್ಯಾನರು ಕಿತ್ತುಕೊಂಡರು. ಮೊಣಕಾಲಿಗೆ ಮಡಚಿದ ಪ್ಯಾಂಟಿನಲ್ಲಿಯೇ ನೆಲದ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು, ತಾವೇ ಬಿಚ್ಚಿ ತಾವೇ ಜೋಡಿಸಿದರು. ಪರದೆ ನೀಲಿಯಾದಾಗ ಅವರ ಬಾಯಿ ತಾನಾಗಿ ತೆರೆದುಕೊಂಡಿತು. ಇನ್ನೊಂದು ಸಲ ಮಾಡಿದರು. ಕೊನೆಗೆ ಎದ್ದು, ಕುಂಕುಮವಾಗಿದ್ದ ಬೆರಳುಗಳನ್ನು ನೋಡಿಕೊಳ್ಳುತ್ತಾ ಮುಖ್ಯಸ್ಥರಿಗೆ, "ಇದನ್ನು ಇಲ್ಲಿಂದ ಯಾರೂ ಬಿಚ್ಚುವ ಹಾಗಿಲ್ಲ, ನಾನು ಹೇಳಿದ್ದೇನೆ" ಎಂದರು.

ಮುಖ್ಯಸ್ಥರು ಕೈ ಮುಗಿದರು. ನಾನು ಸಂತೋಷ ತಡೆಯಲಾರದೆ ಮೇಡಂ ಕಡೆ ತಿರುಗಿದೆ. ಅವರಿಗೆ ಆ ಮಾತು ಕೇಳಿಸಿದ ಹಾಗೇ ಇರಲಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕುತ್ತಿಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಚಾಚುತ್ತಿತ್ತು. ಅಧ್ಯಕ್ಷರು ನಿಂತಿದ್ದದ್ದು ಸರಿಯಾಗಿ ಪರದೆಗೆ ಅಡ್ಡವಾಗಿ.

"ಸಾರ್, ಸ್ವಲ್ಪ ಸರೀರಿ" ಎಂದರು ಮೇಡಂ, ಇಂಗ್ಲಿಷನ್ನೂ ಮರೆತು ಕನ್ನಡದಲ್ಲಿಯೇ. "ಮಣಲಿ ಮೇಲೆ ದೊಡ್ಡ ಹನಿ ಬೀಳ್ತಾ ಇದೆ."